ಎಳೆದಷ್ಟೂ ಓಡುವ ಎಳೆಯ ಕುದುರೆಗೆ ನಿಧಾನ ಕಲಿಸುವುದು ಹೇಗೆ?

ಹತ್ತಿ ಕೂತಿದ್ದೇ ತಡ, ಕುದುರೆ ಹೊರಟೇ ಬಿಡುತ್ತದೆ. ನೀವು ಲಗಾಮು ಎಳೆಯುತ್ತೀರಿ. ಅದು ಕುತ್ತಿಗೆ ಬಿಗಿ ಮಾಡಿ ಇನ್ನೂ ಜೋರಾಗಿ ನುಗ್ಗುತ್ತದೆ. ಮೂರು-ನಾಲ್ಕು ವರ್ಷದ ಕುದುರೆಗಳಲ್ಲಿ ಇದು ಸಾಮಾನ್ಯ. ಕೊಬ್ಬು ಅಂತ ಬೈಯುವವರೇ ಜಾಸ್ತಿ. ಆದರೆ ಬೆನ್ನ ಮೇಲೆ ಭಾರ ಹೊತ್ತು ನಡೆಯುವುದು ಅದಕ್ಕೆ ಹೊಸದು. ಮುಗ್ಗರಿಸಿದಾಗ ನಾವು ನಾಲ್ಕು ಹೆಜ್ಜೆ ಓಡಿ ಸುಧಾರಿಸಿಕೊಳ್ಳುತ್ತೇವೆ, ಅಲ್ವಾ? ಎಷ್ಟೋ ಸಲ ಅದು ಓಡುವುದೂ ಹಾಗೇ.

ಮೊದಲು ನೋವಿದೆಯಾ ನೋಡಿ. ಸುಮಾರು ಎರಡೂವರೆಯಿಂದ ನಾಲ್ಕೂವರೆ ವರ್ಷದ ನಡುವೆ ಕುದುರೆಯ ಹಾಲುಹಲ್ಲುಗಳು ಉದುರಿ ಹೊಸವು ಬರುತ್ತವೆ. ಆಗ ಬಾಯಲ್ಲಿ ಕಡಿವಾಣ ಹಿಂಸೆಯಾಗಬಹುದು. ಭುಜಕ್ಕೆ ಒತ್ತುವ ಜೀನೂ ಅಷ್ಟೇ. ಪಶುವೈದ್ಯರಿಗೆ ಒಮ್ಮೆ ತೋರಿಸಿ. ಇಡೀ ದಿನ ಲಾಯದಲ್ಲಿ ಕಟ್ಟಿ ಕಾಳು ಸುರಿದರೆ ಯಾವ ಪಾಠವೂ ಹತ್ತುವುದಿಲ್ಲ. ಕಾಳು ಕಡಿಮೆ ಮಾಡಿ, ಹುಲ್ಲು ಜಾಸ್ತಿ ಕೊಡಿ, ಬಯಲಿಗೆ ಬಿಡಿ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಸದಾ ಊರುತ್ತಲೇ ಇರುತ್ತದೆ. ಹೊತ್ತುಗಟ್ಟಲೆ ಖಾಲಿ ಬಿಟ್ಟರೆ ಹುಣ್ಣಾಗುವ ಭಯವಿದೆ.

ಪಾಠ ಶುರುವಾಗುವುದು ನೆಲದ ಮೇಲೆ. ಹಗ್ಗ ಹಿಡಿದು ಪಕ್ಕದಲ್ಲಿ ನಡೆಯಿರಿ. ನೀವು ನಿಂತರೆ ಅದೂ ನಿಲ್ಲಬೇಕು. ನುಗ್ಗಿದರೆ ಎರಡು ಹೆಜ್ಜೆ ಹಿಂದಕ್ಕೆ ನಡೆಸಿ. ನಿಂತ ಕೂಡಲೇ ಹಗ್ಗ ಸಡಿಲ ಬಿಟ್ಟು, ಜೂಲು ಮುಗಿಯುವ ಕಡೆ ಚೆನ್ನಾಗಿ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಅಲ್ಲಿ ಕೆರೆದರೆ ಎದೆಬಡಿತವೂ ಇಳಿಯುತ್ತದೆ.

ಸವಾರಿಗೆ ಬೇಲಿ ಇರುವ ಜಾಗವೇ ಇರಲಿ. ತಲೆಗೆ ಹೆಲ್ಮೆಟ್ ಬೇಕೇ ಬೇಕು. ಈಗ ಮುಖ್ಯ ವಿಷಯ. ಎರಡೂ ಲಗಾಮನ್ನು ಎಳೆದು ಹಿಡಿದೇ ಇದ್ದರೆ ಕುದುರೆ ಆ ಎಳೆತಕ್ಕೇ ಒರಗಿಕೊಂಡು ಓಡುತ್ತದೆ. ಉಸಿರು ಬಿಡುತ್ತಾ ಸೊಂಟ ಭಾರ ಮಾಡಿ ಕೂರಿ. ಒಂದು ಕ್ಷಣ ಬೆರಳು ಬಿಗಿ ಮಾಡಿ, ಬಿಟ್ಟುಬಿಡಿ. ಕೇಳಲಿಲ್ಲವೇ? ಮತ್ತೆ ಬಿಗಿ, ಮತ್ತೆ ಸಡಿಲ. ಒಂದು ಚೂರು ನಿಧಾನವಾದರೂ ತಕ್ಷಣ ಬಿಡಬೇಕು. ಅದು ಕಲಿಯುವುದು ಬಿಟ್ಟ ಆ ಗಳಿಗೆಯಲ್ಲೇ. ತಡವಾಗಿ ಬಿಟ್ಟರೆ ಯಾಕೆ ಬಿಟ್ಟಿರಿ ಅಂತ ಅದಕ್ಕೆ ತಿಳಿಯುವುದಿಲ್ಲ.

ಸುಮಾರು 20 ಮೀಟರ್ ಅಗಲದ ಸುತ್ತು ಹಾಕಿಸಿ. ತೀರಾ ಚಿಕ್ಕ ಸುತ್ತು ಬೇಡ, ಎಳೆಯ ಕೀಲುಗಳಿಗೆ ಪೆಟ್ಟು. ಹತ್ತು ಹೆಜ್ಜೆ ಟ್ರಾಟ್ (ನಡಿಗೆಗಿಂತ ಜೋರಾದ ಕುಲುಕು ಓಟ), ಆಮೇಲೆ ನಡಿಗೆ, ಮತ್ತೆ ಟ್ರಾಟ್. ಟ್ರಾಟ್‌ನಲ್ಲಿ ಅದರ ಹೆಜ್ಜೆಗೆ ತಕ್ಕಂತೆ ನೀವು ಜೀನಿನಿಂದ ಎದ್ದು ಕೂರುವುದನ್ನೇ ಬೇಕೆಂದು ನಿಧಾನ ಮಾಡಿ. ಸ್ವಲ್ಪ ಹೊತ್ತಿಗೆ ಕುದುರೆ ನಿಮ್ಮ ತಾಳಕ್ಕೆ ಬರುತ್ತದೆ. ಓಡುತ್ತದೆಂಬ ಹೆದರಿಕೆಗೆ ಕಾಲನ್ನು ಹೊಟ್ಟೆಯಿಂದ ದೂರ ಚಾಚಬೇಡಿ. ಆಮೇಲೆ ತಟ್ಟನೆ ತಾಗಿದರೆ ಅದು ಬೆಚ್ಚುತ್ತದೆ. ಮೆತ್ತಗೆ ತಾಗಿಸಿಕೊಂಡೇ ಇರಿ.

ನಾನು ಕಲಿಸುತ್ತಿದ್ದ ಒಂದು ಕಂದು ಹೆಣ್ಣುಕುದುರೆ ಎರಡು ವಾರ ನನ್ನ ತೋಳು ಸೋಲಿಸಿತು. ಒಂದು ಬೆಳಿಗ್ಗೆ ಮೂರನೇ ಸುತ್ತಿನಲ್ಲಿ ಫುರ್ರ್ ಅಂತ ಉದ್ದಕ್ಕೆ ಉಸಿರು ಬಿಟ್ಟಿತು. ಕಿವಿಗಳು ಪಕ್ಕಕ್ಕೆ ಸಡಿಲವಾದವು. ಕುತ್ತಿಗೆ ಇಳಿಯಿತು, ಬಾಯಿ ಮೆಲ್ಲಗೆ ಚಪ್ಪರಿಸತೊಡಗಿತು. ನಾನು ಲಗಾಮು ಉದ್ದ ಬಿಟ್ಟು, ಅಲ್ಲೇ ಇಳಿದು ಜೀನಿನ ಪಟ್ಟಿ ಸಡಿಲಿಸಿದೆ. ಅವತ್ತಿನ ಸವಾರಿ ಹನ್ನೆರಡೇ ನಿಮಿಷ. ಮರುದಿನ ಎರಡನೇ ಸುತ್ತಿಗೇ ಉಸಿರು ಬಿಟ್ಟಿತು.

ಒಂದು ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ದಣಿಸಿ ತಣ್ಣಗಾಗಿಸಲು ಹೋಗಬೇಡಿ, ದಮ್ಮು ಬೆಳೆದು ಇನ್ನೂ ಓಡುತ್ತದೆ. ಕೈ ಮೀರಿ ಕಿತ್ತು ಓಡುವ ಕುದುರೆಯಾದರೆ ಒಬ್ಬರೇ ಹತ್ತಲೇಬೇಡಿ. ಅನುಭವಿ ತರಬೇತುದಾರರು ನಿಮ್ಮ ಜೊತೆ ನಿಂತಿರಲಿ.