ಒಂದೇ ಗೇಮು, ಮೂರು ತಲೆಮಾರಿನ ಮಷೀನು: ಪಕ್ಕಪಕ್ಕ ಆಡಿ ನೋಡಿದ ನನ್ನ ಅನುಭವ

ಹಳೇ ಗೇಮ್ ಚೆನ್ನಾಗಿತ್ತಾ, ಹೊಸದು ಚೆನ್ನಾಗಿದೆಯಾ ಅನ್ನುವ ಜಗಳ ಯಾವತ್ತೂ ಮುಗಿಯುವುದಿಲ್ಲ. ಯಾಕೆಂದರೆ ಇಬ್ಬರೂ ಬೇರೆ ಬೇರೆ ಆಟ ಹಿಡಿದುಕೊಂಡು ಜಗಳ ಆಡುತ್ತಾರೆ. ಒಬ್ಬ ಗುಂಡು ಹಾರಿಸುವ ಹಳೇ ಆಟ ಕಾಂಟ್ರಾ ಅನ್ನುತ್ತಾನೆ, ಇನ್ನೊಬ್ಬ ಮೊನ್ನೆ ಪಿಎಸ್5ಕ್ಕೆ, ಅಂದರೆ ಸೋನಿಯ ಪ್ಲೇಸ್ಟೇಷನ್ 5 ಮಷೀನಿಗೆ ಬಂದ ಯಾವುದೋ ಹೆಸರು ಹೇಳುತ್ತಾನೆ. ಅದನ್ನೂ ಇದನ್ನೂ ಪಕ್ಕದಲ್ಲಿ ಇಟ್ಟು ಏನು ತಿಳಿಯಬೇಕು?

ತುಮಕೂರಿನ ಅಶೋಕ ರಸ್ತೆ ಹತ್ತಿರ ನನ್ನದೊಂದು ಚಿಕ್ಕ ಟಿವಿ ರಿಪೇರಿ ಅಂಗಡಿ. ಟಿವಿ ಜೊತೆಗೆ ಜಾಯ್‌ಸ್ಟಿಕ್, ಪಿಎಸ್2, ಪಿಎಸ್4 ಎಲ್ಲ ಬರುತ್ತವೆ. ರಿಪೇರಿ ಆದ ಮೇಲೆ ಸ್ವಲ್ಪ ಆಡಿ ನೋಡದೆ ಗಿರಾಕಿಗೆ ಕೊಡೋಕಾಗಲ್ಲ, ಅಲ್ವಾ? ಹಾಗೆ ಆಡುತ್ತಾ ಆಡುತ್ತಾ ಈ ಹೋಲಿಕೆಯ ಹುಚ್ಚು ಹತ್ತಿತು. ಸಂಜೆ ಅಕ್ಕನ ಮಗ ಅಂಗಡಿಗೆ ಬರುತ್ತಾನೆ. ಇಂಜಿನಿಯರಿಂಗ್ ಓದುವ ಹುಡುಗ, ಅವನಿಗೆ ಪಿಎಸ್4ಕ್ಕಿಂತ ಹಿಂದಿನದೆಲ್ಲ ಕಸ. ಅವನ ಜೊತೆ ವಾದ ಮಾಡಿ ಸಾಕಾಗಿ ನಾವಿಬ್ಬರೂ ಒಂದು ನಿಯಮ ಹಾಕಿಕೊಂಡೆವು. ಒಂದೇ ಆಟ ಎರಡು ಮೂರು ತಲೆಮಾರಿನ ಮಷೀನಿಗೆ ಬಂದಿರಬೇಕು, ಅಥವಾ ಒಂದೇ ಸರಣಿ ಆಗಿರಬೇಕು, ಅದನ್ನೇ ಪಕ್ಕಪಕ್ಕ ಆಡಿ ಮಾತಾಡಬೇಕು. ಇಲ್ಲದಿದ್ದರೆ ಇಬ್ಬರೂ ಸುಮ್ನೆ ಇರಬೇಕು.

ಮೊದಲು ಸರಿ ಮಾಡಬೇಕಾಗಿದ್ದು ಟಿವಿ. ಹಳೇ ಮಷೀನನ್ನು ಈಗಿನ ಎಲ್‌ಇಡಿ ಟಿವಿಗೆ ಸಿಕ್ಕಿಸಿ "ನೋಡಿ ಎಷ್ಟು ಕೆಟ್ಟದಾಗಿದೆ" ಅನ್ನುವವರೇ ಜಾಸ್ತಿ. ನಿಂಟೆಂಡೋದ ಫ್ಯಾಮಿಕಾಮ್ ಜಪಾನಿನಲ್ಲಿ ಬಂದಿದ್ದು 1983ರಲ್ಲಿ, ನಮ್ಮ ಕಡೆ ನಾವೆಲ್ಲ ಆಡಿದ್ದು ಹೆಚ್ಚಾಗಿ ಅದರ ನಕಲು ಮಷೀನುಗಳನ್ನು. ಅದರ ಚಿತ್ರ ಅಗಲಕ್ಕೆ 256, ಎತ್ತರಕ್ಕೆ 240 ಚುಕ್ಕಿ ಅಷ್ಟೇ. ಅದನ್ನು ಮಾಡಿದ್ದು ಪಿಕ್ಚರ್ ಟ್ಯೂಬ್ ಟಿವಿಗೆ. ಟ್ಯೂಬಿನಲ್ಲಿ ಚುಕ್ಕಿಯ ಅಂಚು ಪಕ್ಕದ ಚುಕ್ಕಿಯ ಜೊತೆ ಬೆರೆಯುತ್ತದೆ. ಎರಡು ಬಣ್ಣ ಅಕ್ಕಪಕ್ಕ ಇಟ್ಟರೆ ಮೂರನೇ ಬಣ್ಣ ಇದ್ದ ಹಾಗೆ ಕಾಣುತ್ತದೆ. ಆಗಿನ ಚಿತ್ರಗಾರರು ಇದನ್ನು ಲೆಕ್ಕಕ್ಕೆ ಹಿಡಿದೇ ಬಣ್ಣ ಹಾಕುತ್ತಿದ್ದರು. ಎಲ್‌ಇಡಿಯಲ್ಲಿ ಅದೇ ಚಿತ್ರ ಚೌಕ ಚೌಕವಾಗಿ ಒಡೆದು ಬೀಳುತ್ತದೆ. ಸಾಲದ್ದಕ್ಕೆ, ಈಗಿನ ಎಷ್ಟೋ ಟಿವಿಗಳು ಆ 240 ಸಾಲಿನ ಸಿಗ್ನಲನ್ನು ಸಾಲು ಬಿಟ್ಟು ಸಾಲು ಬರುವ ಮಾಮೂಲಿ ಚಾನೆಲ್ ಸಿಗ್ನಲ್ ಅಂತ ತಪ್ಪು ತಿಳಿದು, ಅದನ್ನು ಸರಿ ಮಾಡೋಕೆ ಹೋಗಿ ಇನ್ನಷ್ಟು ಕೆಡಿಸುತ್ತವೆ. ಆ ಕೆಲಸಕ್ಕೆ ಸಮಯವೂ ತಗೊಳ್ಳುತ್ತವೆ.

ಹುಡುಗ ನಂಬಲಿಲ್ಲ. ಬಾತುಕೋಳಿ ಹೊಡೆಯುವ ಡಕ್ ಹಂಟ್ ಕ್ಯಾಸೆಟ್ ಹಾಕಿ, ಗನ್ ಕೈಗೆ ಕೊಟ್ಟು, ಎಲ್‌ಇಡಿ ಮುಂದೆ ನಿಲ್ಲಿಸಿದೆ. ಎಷ್ಟು ಹೊಡೆದರೂ ಒಂದೂ ಬೀಳಲಿಲ್ಲ. ಗುಜರಿಯಿಂದ ತಂದಿದ್ದ 21 ಇಂಚಿನ ಟ್ಯೂಬ್ ಟಿವಿಗೆ ಹಾಕಿದ ತಕ್ಷಣ ಬೀಳೋಕೆ ಶುರು. ಟ್ರಿಗರ್ ಒತ್ತಿದಾಗ ಆಟ ಕ್ಷಣಮಾತ್ರ ಪರದೆಯನ್ನು ಕಪ್ಪು ಮಾಡಿ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ತೋರಿಸುತ್ತದೆ, ಗನ್ ಒಳಗಿನ ಸೆನ್ಸರ್ ಆ ಬೆಳಕನ್ನು ಅದೇ ಕ್ಷಣಕ್ಕೆ ಹುಡುಕುತ್ತದೆ. ಎಲ್‌ಇಡಿಯಲ್ಲಿ ಬೆಳಕು ತಡವಾಗಿ ಬರುತ್ತದೆ. ಇಷ್ಟು ಕಂಡ ಮೇಲೆ ಹಳೇ ಮಷೀನು ಟ್ಯೂಬ್ ಟಿವಿಗೆ, ಹೊಸದು ಎಲ್‌ಇಡಿಗೆ ಅಂತ ಒಪ್ಪಿಕೊಂಡ.

ಆಮೇಲೆ ಆ ತಡವನ್ನೇ ಅಳೆಯೋಣ ಅಂದುಕೊಂಡೆವು. ಇದಕ್ಕೆ ದುಬಾರಿ ಸಾಮಾನು ಬೇಡ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್, ಅಂದರೆ 240 ಬಿಡಿ ಚಿತ್ರ, ತೆಗೆಯುವ ಫೋನ್ ಸಾಕು. ಜಾಯ್‌ಸ್ಟಿಕ್ ಹಿಡಿದ ಹೆಬ್ಬೆರಳು ಮತ್ತು ಪರದೆ ಎರಡೂ ಕಾಣುವ ಹಾಗೆ ಫೋನ್ ನಿಲ್ಲಿಸಿ ಬಟನ್ ಒತ್ತಿ. ಬೆರಳು ಒತ್ತಿದ ಫ್ರೇಮಿನಿಂದ ಮಾರಿಯೋ ಎಗರಿದ ಫ್ರೇಮಿನ ತನಕ ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್. ಒಂದೇ ಸಲ ಮಾಡಿ ಬಿಡಬೇಡಿ, ಹಲವು ಸಲ ಮಾಡಿ ಸರಾಸರಿ ತೆಗೆಯಿರಿ. ಟ್ಯೂಬ್ ಟಿವಿಯಲ್ಲಿ ಮಾರಿಯೋ ಎಷ್ಟು ಬೇಗ ಎಗರುತ್ತಾನೆ ಅಂದರೆ ಪಿಎಸ್4 ಆಡುವ ಹುಡುಗ ಅದನ್ನು ನೋಡಿ ವಿಡಿಯೋನೇ ತಪ್ಪು ಅಂದ. ಎಲ್‌ಇಡಿ ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿದರೆ ತಡ ಎದ್ದು ಕಾಣುವಷ್ಟು ಕಡಿಮೆ ಆಗುತ್ತದೆ. ನಮ್ಮ ಗಿರಾಕಿಗಳಲ್ಲಿ ಎಷ್ಟೋ ಜನಕ್ಕೆ ಅಂಥದೊಂದು ಸೆಟ್ಟಿಂಗ್ ಇದೆ ಅಂತಲೇ ಗೊತ್ತಿಲ್ಲ, ಗೇಮ್ ಸರಿಯಿಲ್ಲ ಅಂತ ಬೈಯುತ್ತಾ ಬರುತ್ತಾರೆ.

ಸೂಪರ್ ಮಾರಿಯೋ ಬ್ರದರ್ಸ್ 1985ರದು. ಇಡೀ ಆಟ 40 ಕಿಲೋಬೈಟ್. ಅದರಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಅಮೆರಿಕ, ಜಪಾನಿನ ಮಷೀನಿನಲ್ಲಿ ಅದು ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಈ 60 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ. ಹಾಗಂತ ಹಳೇದೆಲ್ಲ ಬಂಗಾರ ಅಲ್ಲ. ಆ ಮಷೀನು ಒಂದು ಅಡ್ಡ ಸಾಲಿನಲ್ಲಿ ಓಡಾಡುವ ಚಿತ್ರ 8 ಮಾತ್ರ ತೋರಿಸಬಲ್ಲದು. ಅದಕ್ಕೇ ಗುಂಡು, ಶತ್ರು ಎಲ್ಲ ಒಂದೇ ಸಾಲಿಗೆ ಬಂದ ಕೂಡಲೇ ಮಿಣಮಿಣ ಅನ್ನುತ್ತವೆ. ಚಿಕ್ಕವರಿದ್ದಾಗ ಕ್ಯಾಸೆಟ್ ಊದಿ ಊದಿ ಹಾಕುತ್ತಿದ್ದೆವು, ಆ ಮಿಣಮಿಣಕ್ಕೆ ಊದಿದರೆ ಏನಾಗಬೇಕು! ಇನ್ನು ಕಾಂಟ್ರಾದಲ್ಲಿ ಇರೋದೇ 8 ಸ್ಟೇಜ್. ಗೊತ್ತಿರುವವನು ಒಂದು ಗಂಟೆಯ ಒಳಗೆ ಮುಗಿಸುತ್ತಾನೆ. ಮೂರೇ ಲೈಫ್ ಕೊಟ್ಟು, ಅವು ಮುಗಿದರೆ ಸ್ಟೇಜನ್ನು ಮತ್ತೆ ಮೊದಲಿಂದ ಆಡಿಸಿ, ನಮ್ಮ ಇಡೀ ಬೇಸಿಗೆ ರಜೆಯನ್ನು ಅದು ನುಂಗಿತು. ಈಗ ಅಂಥ ಗೇಮಿಗೆ ದುಡ್ಡು ಕೊಟ್ಟು ತಗೊಂಡರೆ ಹುಡುಗರು ಮೋಸ ಅನ್ನುತ್ತಾರೆ. ಅವರು ಹೇಳೋದರಲ್ಲೂ ನ್ಯಾಯ ಇದೆ.

ಪಿಎಸ್1 ಹೋಲಿಸೋದು ಎಲ್ಲಕ್ಕಿಂತ ಕಷ್ಟ. 1994ರ ಕೊನೆಗೆ ಜಪಾನಿನಲ್ಲಿ ಬಂದ ಮಷೀನು ಅದು. ಹುಡುಗ ಅದರ ಆಟಗಳನ್ನು ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ (ಹಳೇ ಮಷೀನಿನ ಹಾಗೇ ನಡೆದುಕೊಳ್ಳುವ ಸಾಫ್ಟ್‌ವೇರ್) ಹಾಕಿ, ಚಿತ್ರವನ್ನು 4ಕೆ ತನಕ ಏರಿಸಿಕೊಂಡು ಆಡಿದ್ದ. "ಮಾಮ, ಗೋಡೆಗಳೆಲ್ಲ ಕುಣೀತವೆ" ಅಂದ. ಕುಣಿಯೋದು ನಿಜ. ಆ ಮಷೀನು ಮೂರು ಆಯಾಮದ ಮೂಲೆಗಳನ್ನು ಪರದೆ ಮೇಲೆ ಇಡುವಾಗ ಪೂರ್ಣ ಚುಕ್ಕಿಗೇ ಇಡುತ್ತದೆ, ಅರ್ಧ ಕಾಲು ಲೆಕ್ಕ ಅದಕ್ಕಿಲ್ಲ. ಹಾಗಾಗಿ ನಾವು ನಡೆಯುವಾಗ ಮೂಲೆಗಳು ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಎಗರುತ್ತವೆ. ಗೋಡೆಗೆ ಚಿತ್ರ ಅಂಟಿಸುವಾಗ ದೂರ ಹತ್ತಿರದ ಲೆಕ್ಕವನ್ನೂ ಸರಿಯಾಗಿ ಮಾಡುವುದಿಲ್ಲ, ಅದಕ್ಕೆ ನೆಲದ ಟೈಲ್ಸ್ ಸೊಟ್ಟಗಾಗುತ್ತವೆ. ಟ್ಯೂಬ್ ಟಿವಿಯಲ್ಲಿ ಚಾಪೆ ಮೇಲೆ ಕೂತು ಆರು ಅಡಿ ದೂರದಿಂದ ನೋಡಿದರೆ ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. 4ಕೆಯಲ್ಲಿ ಅಂಚುಗಳೆಲ್ಲ ಚೂಪಾಗಿರುವುದರಿಂದ ಕುಣಿತವೂ ಚೂಪಾಗಿ ಕಾಣುತ್ತದೆ. ಹಳೇ ಆಟವನ್ನು ಹೆಚ್ಚು ಸ್ಪಷ್ಟ ಮಾಡಿದಷ್ಟೂ ಚೆನ್ನಾಗಿ ಕಾಣುತ್ತೆ ಅನ್ನುವ ನಂಬಿಕೆ ಇಲ್ಲಿ ಕೈ ಕೊಡುತ್ತದೆ.

ಇನ್ನೊಂದು ವಿಷಯ, ಡಿಸ್ಕ್ ಯಾವ ದೇಶದ್ದು ಅಂತ ನೋಡಲೇಬೇಕು. ನಮ್ಮದು, ಯುರೋಪಿನದು ಪಾಲ್ ಅನ್ನುವ ಟಿವಿ ಸಿಗ್ನಲ್ ಪದ್ಧತಿ, ಪರದೆ ಸೆಕೆಂಡಿಗೆ 50 ಸಲ ಬದಲಾಗುತ್ತದೆ. ಅಮೆರಿಕ, ಜಪಾನಿನದು 60. ಪಿಎಸ್1 ಕಾಲದ ಎಷ್ಟೋ ಆಟಗಳನ್ನು ಪಾಲ್‌ಗೆ ಸರಿಯಾಗಿ ಹೊಂದಿಸದೆ ಹಾಗೇ ಬಿಟ್ಟರು. ಅವು ಸುಮಾರು ಶೇ 17ರಷ್ಟು ನಿಧಾನ, ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ಒಬ್ಬ ಗಿರಾಕಿ ಯೂಟ್ಯೂಬಿನಲ್ಲಿ ಅಮೆರಿಕದವರ ಆಟ ನೋಡಿ ತನ್ನ ಪಿಎಸ್1 ಮೋಟರ್ ವೀಕ್ ಆಗಿದೆ, ಬದಲಾಯಿಸಿ ಅಂತ ತಂದಿದ್ದರು. ಮೋಟರ್ ಚೆನ್ನಾಗಿಯೇ ಇತ್ತು.

ಈಗ ಒಂದೇ ಆಟದ ಕಥೆಗೆ ಬರೋಣ. ಊರೆಲ್ಲ ಸುತ್ತಾಡಿ ಆಡುವ ಜಿಟಿಎ ಸ್ಯಾನ್ ಆಂಡ್ರಿಯಾಸ್ 2004ರಲ್ಲಿ ಪಿಎಸ್2ಕ್ಕೆ ಬಂತು. ಆ ಮಷೀನಿನ ಮೆಮೊರಿ 32 ಎಂಬಿ. ಅಷ್ಟರಲ್ಲಿ ಮೂರು ಊರು, ಮರುಭೂಮಿ, ಬೆಟ್ಟ ಎಲ್ಲ ತೋರಿಸಬೇಕು. ಅದಕ್ಕೆ ದೂರದ್ದನ್ನೆಲ್ಲ ಮಂಜು, ಧೂಳಿನಲ್ಲಿ ಮುಚ್ಚಿಬಿಟ್ಟರು. 2021ರಲ್ಲಿ ಹೊಸ ಆವೃತ್ತಿ ಬಂದಾಗ ಮಷೀನಿಗೆ ತಾಕತ್ತು ಇತ್ತು, ಮಂಜು ತೆಗೆದರು. ಆಟದೊಳಗಿನ ಚಿಲಿಯಾಡ್ ಬೆಟ್ಟದ ಮೇಲೆ ನಿಂತು ನೋಡಿದರೆ ಆ ದೊಡ್ಡ ರಾಜ್ಯ ಒಂದು ಪುಟ್ಟ ದ್ವೀಪ, ಒಂದು ಊರಿನಿಂದ ಇನ್ನೊಂದು ಊರಿನ ಕಟ್ಟಡ ಕಾಣುತ್ತದೆ. ದೇವರಾಯನದುರ್ಗದ ಮೇಲೆ ಚಳಿಗಾಲದ ಬೆಳಿಗ್ಗೆ ನಿಂತವರಿಗೆ ಇದು ಗೊತ್ತು, ಮಂಜು ಇದ್ದಾಗ ಕೆಳಗೆ ಎಷ್ಟು ಕಾಡಿದೆಯೋ ಅನಿಸುತ್ತೆ, ಹತ್ತು ಗಂಟೆ ಬಿಸಿಲಿಗೆ ಹೊಲ, ರಸ್ತೆ ಎಲ್ಲ ಇಷ್ಟೇನಾ ಅನ್ನುವ ಹಾಗೆ ಕಾಣುತ್ತೆ. ಆ ಹೊಸ ಆವೃತ್ತಿಯಲ್ಲಿ ಮಳೆ ಬಂದರಂತೂ ಬಿಳಿ ಗೀರುಗಳಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ. ಬೈಗುಳ ಎಷ್ಟು ಬಂತೆಂದರೆ ಆ ಗೇಮಿನ ಕಂಪನಿ ರಾಕ್‌ಸ್ಟಾರ್ ಆ ನವೆಂಬರಿನಲ್ಲೇ ಬಹಿರಂಗವಾಗಿ ಕ್ಷಮೆ ಕೇಳಿ, ಕಂಪ್ಯೂಟರಿನ ಹಳೇ ಆವೃತ್ತಿಯನ್ನು ಮತ್ತೆ ಮಾರಾಟಕ್ಕೆ ಇಟ್ಟಿತು. 2024ರ ನವೆಂಬರಿನ ಅಪ್‌ಡೇಟಿನಲ್ಲಿ ಹಳೇ ಬೆಳಕು, ಹಳೇ ಆಕಾಶ ತೋರಿಸುವ ಆಯ್ಕೆಯೂ ಬಂತು. ಎರಡನ್ನೂ ಆನ್ ಆಫ್ ಮಾಡಿ ನೋಡಿ. ಹುಡುಗ ಇಲ್ಲಿ ಮೊದಲ ಸಲ "ಹಳೇದೇ ಪರವಾಗಿಲ್ಲ ಮಾಮ" ಅಂದ.

ಆದರೆ ದೈತ್ಯರ ಮೈ ಹತ್ತಿ ಕೊಲ್ಲುವ ಆಟ ಶ್ಯಾಡೋ ಆಫ್ ದಿ ಕೊಲೋಸಸ್‌ನಲ್ಲಿ ನಾನು ಸೋತೆ, ಅಥವಾ ಅರ್ಧ ಸೋತೆ ಅನ್ನಿ. ಪಿಎಸ್2ಕ್ಕೆ 2005ರಲ್ಲಿ, ಪಿಎಸ್3ಕ್ಕೆ 2011ರಲ್ಲಿ, ಪಿಎಸ್4ಕ್ಕೆ ಪೂರ್ತಿ ಹೊಸದಾಗಿ ಚಿತ್ರ ಬರೆದು 2018ರಲ್ಲಿ ಬಂತು. ಹೋಲಿಕೆಗೆ ಇದಕ್ಕಿಂತ ಒಳ್ಳೇ ಆಟ ಇಲ್ಲ, ಯಾಕೆಂದರೆ ಕಥೆ, 16 ದೈತ್ಯರು, ಮೈದಾನ ಎಲ್ಲ ಅದೇ. ಪಿಎಸ್2 ಪಾಪ, ದೈತ್ಯ ಮೈ ಕೊಡವಿದರೆ 30 ಇರಬೇಕಾದ ಫ್ರೇಮ್ 20ರ ಕೆಳಗೂ ಇಳಿಯುತ್ತದೆ. ನನಗೆ ಆ ಎಳೆದಾಟವೇ ದೈತ್ಯನ ತೂಕ ಅನಿಸುತ್ತಿತ್ತು. ಪಿಎಸ್3ರಲ್ಲಿ ಅದೇ ಆಟ ಏರುಪೇರಿಲ್ಲದೆ 30ರಲ್ಲಿ ಓಡಿದಾಗ ಕೈಗೆ ಹಿಡಿತ ಸಿಕ್ಕಿತು, ತೂಕ ಎಲ್ಲೂ ಹೋಗಲಿಲ್ಲ. ತೂಕ ಇದ್ದದ್ದು ದೈತ್ಯ ಹೆಜ್ಜೆ ಎತ್ತಿ ಇಡುವ ರೀತಿಯಲ್ಲಿ. ಪಿಎಸ್4 ಪ್ರೋದಲ್ಲಿ 60 ಫ್ರೇಮ್ ಹಾಕಿದರೆ ಇನ್ನೂ ಸಲೀಸು. ಬೆಳಕು ಮಾತ್ರ ನನಗೆ ಪಿಎಸ್2ರದ್ದೇ ಇಷ್ಟ. ಅಲ್ಲಿ ಬಿಸಿಲು ಕಣ್ಣು ಕುಕ್ಕುವ ಹಾಗೆ, ಬಣ್ಣ ತೊಳೆದ ಹಾಗೆ ಇತ್ತು, ಊರೇ ಸತ್ತುಹೋದ ಜಾಗ ಅನಿಸುತ್ತಿತ್ತು. ಹೊಸದರಲ್ಲಿ ಹುಲ್ಲು ತುಂಬ ಹಸಿರು.

ಜಿಟಿಎ 5 ಬಗ್ಗೆ ಜಾಸ್ತಿ ಹೇಳೋಕಿಲ್ಲ. 2013, 2014, 2022, ಮೂರು ತಲೆಮಾರು, ಅದೇ ಕಥೆ. ಪಿಎಸ್3ರಿಂದ ಪಿಎಸ್4ಕ್ಕೆ ರಸ್ತೆಯಲ್ಲಿ ವಾಹನ, ಪಕ್ಕದಲ್ಲಿ ಹುಲ್ಲು ಹೆಚ್ಚಾಯಿತು, ಚಿತ್ರ 720 ಸಾಲಿನಿಂದ 1080 ಸಾಲಿಗೆ ಏರಿತು, ಫ್ರೇಮ್ ಮಾತ್ರ 30ರಲ್ಲೇ ನಿಂತಿತು. ಪಿಎಸ್5ರಲ್ಲಿ ಚಿತ್ರ ಅಷ್ಟೇನೂ ಬದಲಾದ ಹಾಗೆ ಕಾಣುವುದಿಲ್ಲ, ಆದರೆ 60 ಫ್ರೇಮ್ ಸಿಗುತ್ತದೆ, ಲೋಡಿಂಗ್‌ಗೆ ಮೊದಲಿನ ಹಾಗೆ ಕಾಯಬೇಕಿಲ್ಲ. 1985ರ ಮಾರಿಯೋ ಓಡುತ್ತಿದ್ದ 60ಕ್ಕೆ ಪ್ಲೇಸ್ಟೇಷನ್‌ನಲ್ಲಿ ಈ ಆಟ ಬರೋಕೆ 2022 ಆಯಿತು. ಗಿರಾಕಿಗಳು ಕೇಳಿದರೆ ನಾನು ಇದನ್ನೇ ಹೇಳೋದು: ಪಿಎಸ್4ರಿಂದ ಪಿಎಸ್5ಕ್ಕೆ ಹೋಗೋದಾದರೆ ಚಿತ್ರಕ್ಕಾಗಿ ಹೋಗಬೇಡಿ, ಈ ಎರಡಕ್ಕಾಗಿ ಹೋಗಿ.

ಕಾರ್ ರೇಸಿನ ಗ್ರ್ಯಾನ್ ಟುರಿಸ್ಮೋ ಸರಣಿ ನೋಡಿದಾಗ ಬೇರೆಯದೇ ಲೆಕ್ಕ. 2004ರ ನಾಲ್ಕನೆಯದರಲ್ಲಿ 700ಕ್ಕೂ ಹೆಚ್ಚು ಕಾರು. 2010ರ ಐದನೆಯದರಲ್ಲಿ ಸಾವಿರಕ್ಕೂ ಹೆಚ್ಚು, ಆದರೆ ಅದರಲ್ಲಿ ಬಹುಪಾಲು ಪಿಎಸ್2 ಕಾಲದ ಮಾದರಿಗಳನ್ನೇ ತಂದು ಇಟ್ಟಿದ್ದು. ಹೊಸದಾಗಿ ಮಾಡಿದ ಕಾರಿನ ಪಕ್ಕ ಅವು ನಿಂತರೆ ಹಳೇ ಕಾರು ಅಂತ ಮೂರು ಮೈಲಿಯಿಂದ ಗೊತ್ತಾಗುತ್ತೆ. 2022ರ ಏಳನೆಯದರಲ್ಲಿ ಕಾರು ಕಡಿಮೆ, ಒಂದೊಂದೂ ಸೊಗಸು, ಆದರೆ ನೆಟ್ ಇಲ್ಲದಿದ್ದರೆ ಆಟದ ಹೆಚ್ಚಿನ ಭಾಗ ತೆರೆಯುವುದೇ ಇಲ್ಲ. ಬಿಡುಗಡೆಯಾದ ಅದೇ ಮಾರ್ಚಿನಲ್ಲಿ ಒಂದು ಅಪ್‌ಡೇಟ್ ಕೆಟ್ಟು ಸರ್ವರ್ 30 ಗಂಟೆಗೂ ಹೆಚ್ಚು ಹೊತ್ತು ಮಲಗಿತ್ತು. ದುಡ್ಡು ಕೊಟ್ಟು ಡಿಸ್ಕ್ ತಂದವರೂ ಕೈ ಕಟ್ಟಿ ಕೂತರು. ಮಳೆಗೆ ಕೇಬಲ್ ನೆಟ್ ಹೋಗುವ ನಮ್ಮಂಥ ಊರಿನಲ್ಲಿ ಇದನ್ನೂ ಗುಣಮಟ್ಟದ ಲೆಕ್ಕಕ್ಕೇ ಸೇರಿಸಬೇಕು ಅಂತ ನನ್ನ ವಾದ. ಹುಡುಗ ಒಪ್ಪಲ್ಲ, ನೆಟ್ಟಿಂದೇ ತಪ್ಪು, ಗೇಮಿಂದಲ್ಲ ಅನ್ನುತ್ತಾನೆ. ಪಿಎಸ್2ರ ನಾಲ್ಕನೆಯದು ಇವತ್ತು ಡಿಸ್ಕ್ ಹಾಕಿದರೂ ಓಡುತ್ತದೆ, 2004ರಲ್ಲಿ ಓಡಿದ ಹಾಗೆಯೇ.

ನೀವೂ ಹೀಗೆ ಆಡಿ ನೋಡೋದಾದರೆ ಒಂದೆರಡು ಮಾತು. ಪಿಎಸ್2ರ ಹಳದಿ ಪಿನ್ನಿನ ವಯರ್ ಬಿಟ್ಟು, ಕೆಂಪು ಹಸಿರು ನೀಲಿ ಪಿನ್ನಿನ ಕಾಂಪೊನೆಂಟ್ ವಯರ್ ಹಾಕಿ, ಚಿತ್ರ ತಕ್ಷಣ ತಿಳಿಯಾಗುತ್ತದೆ. ನಿಮ್ಮ ಟಿವಿಗೆ ಆ ಪಿನ್ ಇದೆಯಾ ಅಂತ ಮೊದಲು ಹಿಂದೆ ಬಗ್ಗಿ ನೋಡಿ. ಹಳದಿ ಪಿನ್ನನ್ನು ಎಚ್‌ಡಿಎಂಐ ಮಾಡುವ ಅಗ್ಗದ ಪುಟ್ಟ ಡಬ್ಬಿ ಸಿಗುತ್ತಲ್ಲ, ಅದನ್ನು ಹೋಲಿಕೆಗೆ ಬಳಸಲೇಬೇಡಿ. ತಡವೂ ಜಾಸ್ತಿ, ಬಣ್ಣವೂ ಹಾಳು. ಟ್ಯೂಬ್ ಟಿವಿ ಗುಜರಿಯಲ್ಲಿ ಸಿಕ್ಕರೆ ಆನ್ ಮಾಡಿ ನೋಡಿಯೇ ತನ್ನಿ. ಹಿಂದಿನ ಕವರ್ ಮಾತ್ರ ನೀವೇ ಬಿಚ್ಚೋಕೆ ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಕರೆಂಟ್ ಉಳಿದಿರುತ್ತೆ. ಗೊತ್ತಿರುವ ಮೆಕ್ಯಾನಿಕ್ ಕೈಲೇ ಬಿಚ್ಚಿಸಿ.