ನಿಬ್ಬು, ವೈರು, ಟ್ರಾನ್ಸ್‌ಫಾರ್ಮರ್: ಮರ ಸುಡುವ ಪೆನ್ನಿನ ಜೊತೆ ನನ್ನ ಅನುಭವ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಹಿಂದಿನ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನಲ್ಲಿ ಈಗ ನಾನು ಬಳಸುತ್ತಿರುವುದು ಕಾದ ತುದಿಯಿಂದ ಮರದ ಮೇಲೆ ಅಕ್ಷರ, ಚಿತ್ರ ಸುಟ್ಟು ಬರೆಯುವ ನನ್ನ ಐದನೆಯ ಪೆನ್ನು, ನಾನೇ ಮಾಡಿಕೊಂಡದ್ದು. ಮೊದಲ ನಾಲ್ಕಕ್ಕೆ ಹೋದ ಹಣ, ನೆನಪಿನಿಂದ ಹೇಳುವುದಾದರೆ, 10,500 ರೂಪಾಯಿ; ಈ ಐದನೆಯದಕ್ಕೆ ಬಿದ್ದದ್ದು 3,300ರ ಆಸುಪಾಸು. ಮೋಟಾರ್, ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಯವರು, ಬಡಿಗೇರರು, ನನ್ನ ಭಾವಮೈದುನ, ಹೀಗೆ ಎಲ್ಲರೂ ಇದನ್ನು ಮನೆಯಲ್ಲೇ ಮಾಡುವುದು ಆಗುವ ಕೆಲಸವಲ್ಲ ಎಂದೇ ಹೇಳಿದ್ದರು. ಲೇಸರ್ ಅಂಗಡಿಯ ಹುಡುಗನಂತೂ, "ಮಾಸ್ತರ, ನಮ್ಮ ಮಷೀನ್‌ನ್ಯಾಗ ಹತ್ತು ನಿಮಿಷದ ಕೆಲಸ, ನೀವ್ಯಾಕ ನಾಲ್ಕು ದಿನ ಹೊಗಿ ಕುಡ್ಕೋತ ಕುಂದರ್ತೀರಿ?" ಎಂದು ನಕ್ಕಿದ್ದ. ಕಳೆದ ಎರಡು ವರ್ಷಗಳಲ್ಲಿ ಈ ಪೆನ್ನಿನಿಂದ ಕಡಿಮೆಯೆಂದರೂ 110 ನಾಮಫಲಕಗಳನ್ನು ಮಾಡಿ ಕೊಟ್ಟಿದ್ದೇನೆ, ಒಂದೂ ಹಿಂದಿರುಗಿ ಬಂದಿಲ್ಲ. ಆದ್ದರಿಂದ ಈಗ ಬರೆಯುವ ಧೈರ್ಯ ಬಂದಿದೆ.

2019ರಲ್ಲಿ ನಾನು ಆರಂಭಿಸಿದ್ದು ಎಲ್ಲರಂತೆ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿನಿಂದ. ಅದಕ್ಕೆ ದೀಪದ ಡಿಮ್ಮರ್ ಸೇರಿಸಿದರೆ ಶಾಖ ಹತೋಟಿಗೆ ಬರುತ್ತದೆ ಎಂದುಕೊಂಡಿದ್ದೆ. ಶಾಖವೇನೋ ಇಳಿಯಿತು, ಆದರೆ ಗೆರೆ ಮಾತ್ರ ಕೆಟ್ಟೇ ಬಂತು: ಮುಟ್ಟಿದ ಜಾಗದಲ್ಲಿ ಕಪ್ಪು ಚುಕ್ಕೆ, ನಂತರ ಕಂದು, ನಾಲ್ಕು ಬೆರಳು ದಾಟುವಷ್ಟರಲ್ಲಿ ಏನೂ ಇಲ್ಲ. ಮರ ಹೀರಿಕೊಂಡ ಶಾಖವನ್ನು ಆ ತುದಿ ಬೇಗನೆ ತುಂಬಿಕೊಡಲಾರದು, ಬಿಸಿ ಮತ್ತೆ ಏರುವ ತನಕ ಕೈಕಟ್ಟಿ ಕೂರಬೇಕು. ಎರಡನೆಯದು ಇಪ್ಪತ್ತಕ್ಕೂ ಹೆಚ್ಚು ಹಿತ್ತಾಳೆ ತುದಿಗಳಿದ್ದ 60 ವ್ಯಾಟಿನ ಕಿಟ್ಟು, ಸುಮಾರು 1,500 ರೂಪಾಯಿ. ಅಷ್ಟು ತುದಿಗಳಲ್ಲಿ ನಾನು ನಿಜವಾಗಿ ಬಳಸಿದ್ದು ಮೂರನ್ನು. ಹಿಡಿಯುವ ಜಾಗಕ್ಕೂ ತುದಿಗೂ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಅಂತರವಿದ್ದುದರಿಂದ ಪೊರಕೆಯ ಹಿಡಿಯಿಂದ ಅಕ್ಷರ ಬರೆದಂತಾಗುತ್ತಿತ್ತು. ಇಪ್ಪತ್ತು ನಿಮಿಷ ಕಳೆಯಿತೆಂದರೆ ಹಿಡಿಯೇ ಸುಡುತ್ತಿತ್ತು, ಬಿಸಿಗೆ ತಿರುಪು ಸಡಿಲವಾಗಿ ತುದಿ ಅಲುಗಾಡುತ್ತಿತ್ತು. ಒಮ್ಮೆ ಬಿಸಿಯಿರುವಾಗಲೇ ಇಕ್ಕಳದಿಂದ ತಿರುಗಿಸಲು ಹೋಗಿ ತಿರುಪನ್ನು ಒಳಗೇ ಮುರಿದುಕೊಂಡೆ, ಕಿಟ್ಟಿನ ಕಥೆ ಅಲ್ಲಿಗೆ ಮುಗಿಯಿತು.

ಮೂರನೆಯದಕ್ಕೆ ಹಣ ಹೋದದ್ದು ಇಂದಿಗೂ ಹೊಟ್ಟೆ ಉರಿಸುತ್ತದೆ. ತಂತಿಯನ್ನೇ ಬಾಗಿಸಿ ಮಾಡಿದ ನಿಬ್ಬು, ಶಾಖದ ಅಂಕಿ ತೋರಿಸುವ ಪೆಟ್ಟಿಗೆ ಎಂದು ನಂಬಿ 6,000 ರೂಪಾಯಿ ಕೊಟ್ಟು ತರಿಸಿದೆ. ನಿಬ್ಬು ಚೆನ್ನಾಗಿತ್ತು, ಐದಾರು ಸೆಕೆಂಡಿನಲ್ಲಿ ಕಾದು ಅಷ್ಟೇ ಬೇಗ ಆರುತ್ತಿತ್ತು; ತಂತಿಯ ನಿಬ್ಬೇ ಸರಿ ಎಂಬ ತೀರ್ಮಾನಕ್ಕೆ ನಾನು ಬಂದದ್ದು ಆಗಲೇ. ಆದರೆ ಪೆಟ್ಟಿಗೆಯಿಂದ ಪೆನ್ನಿಗೆ ಬರುವ ವೈರು ಮೊಬೈಲ್ ಚಾರ್ಜರಿನ ವೈರಿಗಿಂತ ತುಸು ದಪ್ಪ, ಅಷ್ಟೇ. ಅರ್ಧ ಗಂಟೆ ಕೆಲಸ ಮಾಡಿದರೆ ವೈರು ಬೆಚ್ಚಗಾಗಿ ಮೆತ್ತಗಾಗುತ್ತಿತ್ತು, ಪಿನ್ನು ಸೇರುವ ಜಾಗದಲ್ಲಿ ಸುಟ್ಟ ವಾಸನೆ ಬರುತ್ತಿತ್ತು. ನಾಲ್ಕು ತಿಂಗಳಿಗೆ ಅದೂ ನಿಂತಿತು. ಮಾರಿದವರಿಗೆ ಮೂರು ಸಲ ಬರೆದೆ, ಒಂದಕ್ಕೂ ಉತ್ತರ ಬರಲಿಲ್ಲ.

ಕೆನಡಾದ ರೇಜರ್‌ಟಿಪ್, ಅಮೆರಿಕದ ಕೋಲ್‌ವುಡ್ ಯಂತ್ರಗಳು ಒಳ್ಳೆಯವೆಂದು ಬಳಸಿದವರು ಹೇಳುತ್ತಾರೆ. ಸಾಗಣೆ, ಸುಂಕ ಸೇರಿಸಿ ಲೆಕ್ಕ ಹಾಕಿದಾಗ ಅಂದಿಗೆ ಮೂವತ್ತು ಸಾವಿರದ ಹತ್ತಿರ ಬಂದುದರಿಂದ ಆ ಆಸೆ ಬಿಟ್ಟೆ. ತರಿಸುವವರು ಅಲ್ಲಿಯ 120 ವೋಲ್ಟಿನ ಮಾದರಿ ಕೈಗೆ ಬರದಂತೆ ನೋಡಿಕೊಳ್ಳಬೇಕು.

ಮೂರನೆಯ ಪೆನ್ನು ಸತ್ತ ಮೇಲೆ ಅದನ್ನು ಬಿಚ್ಚಿ ಮೀಟರ್ ಹಿಡಿದು ಕೂತಾಗ ನಿಜವಾದ ಸಂಗತಿ ತಿಳಿಯಿತು. ನಿಬ್ಬಿನಲ್ಲಿರುವ ಮೂರು ಸೆಂಟಿಮೀಟರ್ ನಿಕ್ರೋಮ್ ತಂತಿ (ಕರೆಂಟು ಹರಿದರೆ ಕಾಯುವ ತಂತಿ) ಕರೆಂಟಿಗೆ ಒಡ್ಡುವ ತಡೆ ಒಂದು ಓಮ್‌ನ ಇಪ್ಪತ್ತನೆಯ ಒಂದು ಭಾಗದಷ್ಟು ಮಾತ್ರ. ಹೋಗಿ ಬರುವ ಎರಡು ಮೀಟರ್ ತೆಳು ವೈರಿನ ತಡೆಯೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ, ನಿಬ್ಬಿಗೆ ಸೇರಬೇಕಾದ ಶಾಖದಲ್ಲಿ ಅರ್ಧ ವೈರಿಗೇ ಹೋಗುತ್ತದೆ. ನಾವೆಲ್ಲ ಅಂಗಡಿಯಲ್ಲಿ ಪೆನ್ನಿನ ಹಿಡಿಯನ್ನೂ ತುದಿಗಳ ಸಂಖ್ಯೆಯನ್ನೂ ನೋಡಿ ಹಣ ಕೊಡುತ್ತೇವೆ. ಹಣ ಹೋಗಬೇಕಾದದ್ದು ಮನೆಯ ಕರೆಂಟನ್ನು ಎರಡು ವೋಲ್ಟಿಗೆ ಇಳಿಸಿ ನಿಬ್ಬಿಗೆ ಕೊಡುವ ಟ್ರಾನ್ಸ್‌ಫಾರ್ಮರಿಗೆ ಮತ್ತು ವೈರಿಗೆ. ಈ ಮಾತನ್ನು ಹೇಳಿದಾಗ ವೈಂಡಿಂಗ್ ಅಂಗಡಿಯ ಹಿರಿಯರು, "ಎರಡು ವೋಲ್ಟಿನ್ಯಾಗ ಏನ್ ಸುಡ್ತೈತ್ರಿ ಸರ್, ಸೊಳ್ಳಿನೂ ಸುಡೂದಿಲ್ಲ" ಎಂದರು.

ಅವರ ಮಾತು ನಿಜವಾಗುವಂತೆ ನನ್ನ ನಾಲ್ಕನೆಯ ಪೆನ್ನು, ಅಂದರೆ ಸ್ವಂತ ತಯಾರಿಕೆಯ ಮೊದಲನೆಯದು, ಚೆನ್ನಾಗಿಯೇ ಕೈಕೊಟ್ಟಿತು. ನಿಬ್ಬಿಗೆ ಒಲೆಯ 2,000 ವ್ಯಾಟಿನ ಹೀಟರ್ ಕಾಯಿಲ್ ತಂದು ಬಿಡಿಸಿಕೊಂಡಿದ್ದೆ. ಮಾಡಿದ ನಿಬ್ಬುಗಳು ಒಂದೆರಡು ದಿನ ಕೆಲಸ ಮಾಡಿ, ತಣ್ಣಗಾದ ಮೇಲೆ ಸ್ವಲ್ಪ ಬಾಗಿಸಿದರೆ ಸಾಕು, ಒಣ ಕಡ್ಡಿಯಂತೆ ಲಟ್ಟನೆ ಮುರಿಯುತ್ತಿದ್ದವು. ಹದಿನೈದು ನಿಬ್ಬು ಮುರಿದ ಮೇಲೆ, ಬೇರೆ ಯಾವುದೋ ಕೆಲಸಕ್ಕೆ ಮೇಜಿನ ಮೇಲಿಟ್ಟಿದ್ದ ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಆ ತಂತಿ ಅಂಟಿಕೊಂಡದ್ದನ್ನು ಕಂಡೆ. ನಿಕ್ರೋಮ್ ಎಂದರೆ ನಿಕ್ಕಲ್ ಮತ್ತು ಕ್ರೋಮಿಯಂ, 80:20ರ ತಂತಿ ಅಯಸ್ಕಾಂತಕ್ಕೆ ಹತ್ತುವುದಿಲ್ಲ. ಹತ್ತಿದ್ದು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಕ್ಯಾಂಥಲ್ ಜಾತಿಯ ತಂತಿ. ಅದು ಶಾಖವನ್ನು ತಡೆಯುತ್ತದೆ, ಆದರೆ ಒಮ್ಮೆ ಚೆನ್ನಾಗಿ ಕಾದರೆ ಪೆಡಸಾಗುತ್ತದೆ. ಅಂದಿನಿಂದ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಅಯಸ್ಕಾಂತದ ತುಂಡು ಇದ್ದೇ ಇರುತ್ತದೆ.

ಅದೇ ಪೆನ್ನಿನಲ್ಲಿ ಮಾಡಿದ ಇನ್ನೊಂದು ತಪ್ಪು, ಶಾಖ ಏರಿಸಿ ಇಳಿಸಲು ಹಾಕಿದ್ದ ಫ್ಯಾನಿನ ರೆಗ್ಯುಲೇಟರ್. ಈಗಿನ ಹಂತಹಂತದ ರೆಗ್ಯುಲೇಟರಿನ ಒಳಗೆ ಇರುವುದು ಕೆಪಾಸಿಟರ್. ಟ್ರಾನ್ಸ್‌ಫಾರ್ಮರಿಗೆ ಅದನ್ನು ಜೋಡಿಸಿದಾಗ ಜೀರುಂಡೆಯಂತೆ ಸದ್ದು ಹೊರಟು, ಒಂದೇ ಗೆರೆಯೊಳಗೆ ಶಾಖ ಏರಿ ಇಳಿದು, ಮೂರನೆಯ ದಿನ ಹೊಗೆ ಬಂತು. ಭಾವಮೈದುನ ಆ ದಿನ ಮನೆಯಲ್ಲೇ ಇದ್ದನೆಂಬುದು ಬೇರೆ ಮಾತು.

ಐದನೆಯದನ್ನು ಆತುರವಿಲ್ಲದೆ ಮಾಡಿದೆ. ಗುಜರಿಯಲ್ಲಿ ಸತ್ತ ಯುಪಿಎಸ್ಸಿನ ಟ್ರಾನ್ಸ್‌ಫಾರ್ಮರ್ 400 ರೂಪಾಯಿಗೆ ಸಿಕ್ಕಿತು, ಚಕ್ರ ತಿರುಗಿಸಿ ವೋಲ್ಟೇಜ್ ಏರಿಸಿ ಇಳಿಸುವ 2 ಆಂಪಿಯರಿನ ಹಳೆಯ ಡಿಮ್ಮರ್‌ಸ್ಟಾಟ್ 900ಕ್ಕೆ ಸಿಕ್ಕಿತು. ವೈಂಡಿಂಗ್ ಅಂಗಡಿಯ ಹಿರಿಯರು 500 ರೂಪಾಯಿ ಮಜೂರಿಗೆ, ಮುಖ ಸಿಂಡರಿಸಿಕೊಂಡೇ, ಟ್ರಾನ್ಸ್‌ಫಾರ್ಮರಿನ ಹಳೆಯ ಸೆಕೆಂಡರಿ ಸುತ್ತನ್ನು, ಅಂದರೆ ಇಳಿಸಿದ ವೋಲ್ಟೇಜ್ ಹೊರಗೆ ಕೊಡುವ ತಂತಿಯ ಸುತ್ತನ್ನು, ಬಿಚ್ಚಿ ಕೊಟ್ಟರು. ಲೆಕ್ಕದ ಪುಸ್ತಕ ಬೇಡ: ಮೇಲೆ ಹತ್ತು ಸುತ್ತು ತೆಳು ತಂತಿ ಸುತ್ತಿ ಮೀಟರ್ ಹಿಡಿದೆವು, 3.3 ವೋಲ್ಟ್ ಬಂತು, ಹಾಗಾದರೆ ಎರಡು ವೋಲ್ಟಿಗೆ ಆರು ಸುತ್ತು. ಆರನ್ನೂ 16 ಗೇಜಿನ ಎನಾಮೆಲ್ ತಂತಿಯ ನಾಲ್ಕು ಎಳೆ ಕೂಡಿಸಿ ಸುತ್ತಿದೆವು. ಡಿಮ್ಮರ್‌ಸ್ಟಾಟ್ ಟ್ರಾನ್ಸ್‌ಫಾರ್ಮರಿಗಿಂತ ಮೊದಲು ಬರಬೇಕು. ಅದೊಂದನ್ನೇ ನಂಬಿ ಪೆನ್ನಿಗೆ ನೇರವಾಗಿ ಜೋಡಿಸಿದರೆ ಮೇನ್ಸ್ ಕರೆಂಟೇ ಕೈಗೆ ಬರುತ್ತದೆ. ಅದರ ಚಕ್ರ 270 ವೋಲ್ಟಿನವರೆಗೂ ತಿರುಗುವುದರಿಂದ ನನ್ನದಕ್ಕೆ 200ರ ಆಚೆ ಕೆಂಪು ಬಣ್ಣ ಬಳಿದಿದ್ದೇನೆ.

ಪೆಟ್ಟಿಗೆಯಿಂದ ಪೆನ್ನಿಗೆ ಮೊದಲು 4 ಚದರ ಮಿಲಿಮೀಟರಿನ ಮನೆ ವೈರಿಂಗಿನ ವೈರನ್ನೇ ಹಾಕಿದ್ದೆ. ಶಾಖ ಸರಿಯಾಯಿತು, ಆದರೆ ಎಮ್ಮೆಯ ಹಗ್ಗ ಹಿಡಿದು ಬರೆದಂತೆ ಕೈಯನ್ನು ಅತ್ತ ಇತ್ತ ಎಳೆಯುತ್ತಿತ್ತು. ಈಗ ಡ್ರೋನ್ ಬ್ಯಾಟರಿಗಳಿಗೆ ಬಳಸುವ, ಸಿಲಿಕೋನ್ ಹೊದಿಕೆಯ ಮೆತ್ತನೆಯ ದಪ್ಪ ವೈರು ಹಾಕಿದ್ದೇನೆ. ಹಿಡಿಗೆ ಜೋಳದ ದಂಟು, ಬಿದಿರು, ಹಳೆಯ ಚಿತ್ರಕುಂಚದ ಕೋಲು ಎಲ್ಲವನ್ನೂ ನೋಡಿದೆ. ದಂಟು ಹಗುರವಾಗಿ ಕೈಗೆ ಬಹಳ ಹಿತವಾಗಿತ್ತು, ಎರಡನೆಯ ದಿನ ಒಳಗಿನಿಂದ ಕರಕಲಾಯಿತು. ಕೊನೆಗೆ ನಿಂತದ್ದು ಬಿದಿರು, ಅದರ ತುದಿಯಲ್ಲಿ ನಿಬ್ಬನ್ನು ಹಿಡಿಯಲು, ವೈರು ಜೋಡಿಸುವ ಸ್ಟ್ರಿಪ್ ಕನೆಕ್ಟರಿನಿಂದ ಬಿಡಿಸಿದ ಎರಡು ಹಿತ್ತಾಳೆ ತುಂಡುಗಳು. ಆ ಹಿತ್ತಾಳೆಯಿಂದ ಶಾಖ ಬೆರಳಿಗೆ ಬರದಂತೆ ನಡುವೆ ಏನಿಟ್ಟಿದ್ದೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಬೇಸಿಗೆ ಹಿಡಿದಿದೆ.

ನಿಬ್ಬಿನ ವಿಷಯದಲ್ಲಿ ಬಚ್ಚಿಡುವುದೇನೂ ಇಲ್ಲ. ಐದು ಸೆಂಟಿಮೀಟರ್ ತಂತಿಯನ್ನು ಹೇರ್‌ಪಿನ್ನಿನಂತೆ ಬಾಗಿಸಿ, ಬಾಗಿದ ತುದಿಯನ್ನು ಅಕ್ಕಸಾಲಿಗರ ಸಣ್ಣ ಅಡಿಗಲ್ಲಿನ ಮೇಲಿಟ್ಟು ಏಳೆಂಟು ಹಗುರ ಪೆಟ್ಟು ಕೊಡಬೇಕು. ಅಗಲವಾಗಲಿ ಎಂದು ಆಸೆಪಟ್ಟು ಇನ್ನೆರಡು ಪೆಟ್ಟು ಹಾಕಿದರೆ ಆ ಜಾಗ ತೆಳುವಾಗಿ, ಅಲ್ಲೇ ಶಾಖ ಸೇರಿ, ಒಂದು ಗಂಟೆಯೊಳಗೆ ಕಡಿದುಹೋಗುತ್ತದೆ. ನಂತರ 600ರ, ಆಮೇಲೆ 1,200ರ ಉಜ್ಜುಕಾಗದ. ಅಂಚು ಉಗುರಿಗೆ ತಾಗಿದರೆ ಜಾರಬೇಕು, ಕೆರೆಯಬಾರದು. ಹಗಲು ಬೆಳಕಿನಲ್ಲಿ ನಿಬ್ಬು ಕೆಂಪಗೆ ಕಂಡಿತೆಂದರೆ ಶಾಖ ಜಾಸ್ತಿಯಾಗಿದೆ ಎಂದೇ ಅರ್ಥ. ಗೆರೆಯ ಎರಡೂ ಬದಿ ಹೊಗೆಯ ಕಲೆ ಹತ್ತುತ್ತದೆ. ಅಂಟಿದ ಮಸಿಯನ್ನು ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಒರೆಸಿದರೆ ಸಾಕು.

ನನ್ನ ಫಲಕಗಳಲ್ಲಿ ಜನ ಕೇಳುವುದು ಕಸೂತಿಯ ಗೋಪುರ, ತುಳಸಿ ಕಟ್ಟೆ, ಆನೆ. ಇಳಕಲ್ ಸೀರೆಯ ಮೇಲೆ ಕಂಡ ಚಿತ್ರವನ್ನೇ ಬಾಗಿಲ ಮೇಲೂ ಬಯಸುತ್ತಾರೆ. ಮೊದಲು ಪ್ರತಿ ಗೆರೆಯನ್ನು ಎಳೆಯುತ್ತಿದ್ದೆ, ಉದ್ದ ಒಂದೇ ಸಮ ಬರುತ್ತಿರಲಿಲ್ಲ. ಈಗ ನಿಬ್ಬಿನ ಅಂಚನ್ನೇ ಮೂರು ಮಿಲಿಮೀಟರಿಗೆ ಹೊಂದಿಸಿ, ಎಳೆಯದೆ ಒತ್ತುತ್ತೇನೆ: ಒಂದು ಒತ್ತು ಎಂದರೆ ಗವಂತಿಯ, ಅಂದರೆ ಕಸೂತಿಯ ನೇರ ಗೆರೆಯ, ಒಂದು ಹೊಲಿಗೆ. ಮುರ್ಗಿ ಎಂಬ ಅಂಕುಡೊಂಕು ಹೊಲಿಗೆಯ ಮೆಟ್ಟಿಲಿಗೆ ಹಲಗೆಯನ್ನೇ ತಿರುಗಿಸಿಕೊಂಡರಾಯಿತು. ನಮ್ಮ ಮನೆಯವರು ಕಸೂತಿ ಬಲ್ಲವರು. ಇದನ್ನು ನೋಡಿ, "ಈಗ ಹೊಲಿಗಿ ಆತು" ಎಂದರು. ಹಿಂದೆ ಎರಡು ದಿನ ಹಿಡಿಯುತ್ತಿದ್ದ ಅಂಚು ಈಗ ಒಂದು ಬೆಳಗಿನ ಕೆಲಸ.

ಮರದ ಬಗ್ಗೆ ಒಂದಿಷ್ಟು ಹೇಳಬೇಕು. ಹಳೆಯ ಬಾಗಲಕೋಟೆ ಆಲಮಟ್ಟಿಯ ಹಿನ್ನೀರಿಗೆ ಮುಳುಗಡೆಯಾಗುವಾಗ ಅಜ್ಜನ ಮನೆಯಿಂದ ಬಿಚ್ಚಿ ತಂದ ಸಾಗವಾನಿ ಬಾಗಿಲಿನ ಹಲಗೆ ನಮ್ಮಲ್ಲಿತ್ತು, ಮೊದಲ ಒಳ್ಳೆಯ ಫಲಕವನ್ನು ಅದರಲ್ಲೇ ಮಾಡಬೇಕೆಂಬುದು ನನ್ನ ಹಟವಾಗಿತ್ತು. ಆಗಲಿಲ್ಲ. ಸಾಗವಾನಿಯ ಎಣ್ಣೆ ನಿಬ್ಬಿಗೆ ಅಂಟುತ್ತದೆ, ಮರ ಮೊದಲೇ ಕಂದು ಬಣ್ಣದ್ದಾದ್ದರಿಂದ ತಿಳಿ ನೆರಳು ಕಾಣುವುದೇ ಇಲ್ಲ. ಆ ಹಲಗೆ ಈಗ ನನ್ನ ಕೆಲಸದ ಮೇಜಾಗಿದೆ. ಯಂತ್ರಗಳು ಬರುವ ಪೆಟ್ಟಿಗೆಯ ಪೈನ್ ಅಗ್ಗ, ಆದರೆ ಅದರ ಒಂದು ಪಟ್ಟಿ ಮೆತ್ತಗೆ, ಮತ್ತೊಂದು ಗಟ್ಟಿ, ಪೆನ್ನು ಕುಣಿಯುತ್ತದೆ. ಜೊತೆಗೆ ಅದರ ಮೇಲಿನ ಮುದ್ರೆ ನೋಡಬೇಕು: ಎಚ್‌ಟಿ ಎಂದಿದ್ದರೆ ಶಾಖ ಕೊಟ್ಟದ್ದು, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದನ್ನು ಸುಡಬಾರದು. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನೂ ಆ ಅಂಟಿನ ಕಾರಣದಿಂದ ನಾನು ಮುಟ್ಟುವುದಿಲ್ಲ. ನನಗೆ ಒಗ್ಗಿದ್ದು ಶಿವಣೆ. ತಿಳಿ ಬಣ್ಣ, ಹೆಚ್ಚು ಗಟ್ಟಿಯಲ್ಲ. ಸುಡುವ ಹಿಂದಿನ ದಿನ ಅದಕ್ಕೊಂದು ಕೈ ಆರೈಕೆ ಮಾಡುತ್ತೇನೆ, ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಒಂದು ತಿಂಗಳು ಚರ್ಮದ ಹುಚ್ಚು ಹಿಡಿದಿತ್ತು. ಅಥಣಿಯಿಂದ ಕೊಲ್ಲಾಪುರಿ ಚಪ್ಪಲಿಯ ಚರ್ಮದ ತುಂಡುಗಳನ್ನು ತರಿಸಿದೆ. ಅದು ಗಿಡದ ತೊಗಟೆ, ಕಾಯಿಗಳಿಂದ ಹದ ಮಾಡಿದ ಚರ್ಮವಾದ್ದರಿಂದ ಸುಡಬಹುದು. ಕ್ರೋಮಿಯಂ ಹಾಕಿ ಹದ ಮಾಡಿದ ಚರ್ಮವನ್ನು ಮಾತ್ರ ಸುಡಬಾರದು, ಅದರ ಹೊಗೆ ವಿಷ. ಮರಕ್ಕೆ ಬೇಕಾದ ಶಾಖದ ಅರ್ಧಕ್ಕೇ ಚರ್ಮ ಕಪ್ಪಾಗುತ್ತದೆ, ಸ್ವಲ್ಪ ಹೆಚ್ಚಾದರೆ ಮುದುಡುತ್ತದೆ. ನಾಲ್ಕು ಜೋಡಿ ಚೆನ್ನಾಗಿ ಬಂದವು. ಕೂದಲು ಸುಟ್ಟಂಥ ವಾಸನೆಗೆ ಮನೆಯಲ್ಲಿ ಊಟ ಮಾಡುವುದೇ ಕಷ್ಟವಾಗಿ ಅದನ್ನು ನಿಲ್ಲಿಸಿದೆ.

ಏಪ್ರಿಲ್ ತಿಂಗಳಲ್ಲಿ ಪತ್ರಾಸಿನ ಕೆಳಗೆ ಫ್ಯಾನ್ ಇಲ್ಲದೆ ಕೂರಲಾಗದು, ಫ್ಯಾನ್ ಹಾಕಿದರೆ ಗಾಳಿಗೆ ನಿಬ್ಬು ಆರುತ್ತದೆ. ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನನ್ನು ಹಲಗೆಯ ಆಚೆ ಬದಿಗೆ ತಿರುಗಿಸಿಟ್ಟು ಹೊಗೆಯನ್ನು ಎಳೆಯುವಂತೆ ಮಾಡಿದ್ದೇನೆ. ಖರ್ಚು 150 ರೂಪಾಯಿ. ಇನ್ನೊಂದು ಕಾಟ ವೋಲ್ಟೇಜಿನದು. ಸಂಜೆ 230 ಇದ್ದದ್ದು 200ಕ್ಕೆ ಇಳಿದರೆ ನಿಬ್ಬಿನ ಶಕ್ತಿ ಮುಕ್ಕಾಲು ಪಾಲಿಗೆ ಇಳಿಯುತ್ತದೆ, ಆನೆಯ ಸೊಂಡಿಲು ಒಂದು ಬಣ್ಣ, ಕಿವಿ ಇನ್ನೊಂದು ಬಣ್ಣ. ಸ್ಟೆಬಿಲೈಸರ್ ಟಕ್ ಎಂದು ಹಂತ ಬದಲಿಸಿದಾಗಲೆಲ್ಲ ಗೆರೆಯೂ ಬದಲಾಗುತ್ತಿದ್ದುದರಿಂದ ಅದನ್ನು ಫ್ರಿಜ್ಜಿಗೆ ಹಿಂದಿರುಗಿಸಿದೆ. ಟ್ರಾನ್ಸ್‌ಫಾರ್ಮರಿಗೆ ಹೋಗುವ ವೋಲ್ಟೇಜನ್ನು ತೋರಿಸುವ ಮೀಟರ್ ಈಗ ಕಣ್ಣೆದುರಿಗಿದೆ; ಮುಳ್ಳು ಇಳಿದಂತೆ ಎಡಗೈಯಿಂದ ಡಿಮ್ಮರ್‌ಸ್ಟಾಟ್ ಏರಿಸುತ್ತೇನೆ. ನೆರಳು ತುಂಬುವ ನಾಜೂಕಿನ ಕೆಲಸವನ್ನು ರಾತ್ರಿ ಹತ್ತರ ನಂತರ ಇಟ್ಟುಕೊಳ್ಳುತ್ತೇನೆ.

ಲೇಸರ್ ಅಂಗಡಿಯ ಹುಡುಗ ಕಳೆದ ತಿಂಗಳು ಒಣಗಿದ ಸೋರೆ ಬುರುಡೆಗಳನ್ನೂ ಎರಡು ಲಟ್ಟಣಿಗೆಗಳನ್ನೂ ಹಿಡಿದು ಶೆಡ್ಡಿಗೆ ಬಂದ, ಅವನ ಯಂತ್ರಕ್ಕೆ ಸಪಾಟು ಹಲಗೆಯೇ ಬೇಕಂತೆ. ಹೋಗುವಾಗ, "ಮಾಸ್ತರ, ನನಗೂ ಒಂದು ಮಾಡಿಕೊಡ್ರಲಾ" ಎಂದು ಕೇಳಿದ. ಟ್ರಾನ್ಸ್‌ಫಾರ್ಮರನ್ನು ಅವನೇ ಗುಜರಿಯಿಂದ ತಂದಿದ್ದಾನೆ. ಅದರಲ್ಲಿ ಹತ್ತು ಸುತ್ತಿಗೆ ಸರಿಯಾಗಿ ನಾಲ್ಕು ವೋಲ್ಟ್ ಬಂದುದರಿಂದ ಅವನಿಗೆ ಐದೇ ಸುತ್ತು ಹಾಕಲಿದ್ದೇವೆ, ಈ ಸಲ ವೈಂಡಿಂಗ್ ಅಂಗಡಿಯ ಹಿರಿಯರು ತಾವೇ ಲೆಕ್ಕ ಹೇಳಿದರು.