ಅಡಿಕೆ ಮನೆಯಲ್ಲಿ ಏರ್ ಪಿಸ್ತೂಲು

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಮೂಟೆ ಇಡೋಕೆ ಒಂದು ಉದ್ದ ಕೋಣೆಯಿದೆ. ಒಂದು ದಿನ ಅಳೆದು ನೋಡಿದೆ, 11 ಮೀಟರ್. ಏರ್ ಪಿಸ್ತೂಲಿಗೆ 10 ಸಾಕು. ಅವತ್ತಿನಿಂದ 12 ವರ್ಷ, ಸಂಜೆ ಬಾಗಿಲಿಗೆ ಚಿಲಕ ಹಾಕಿಕೊಂಡು ಅಲ್ಲೇ ಅಭ್ಯಾಸ.

ಮೊದಲು ಇದ್ದದ್ದು ಸ್ಪ್ರಿಂಗ್ ಪಿಸ್ತೂಲು. ಗುಂಡು ನಳಿಗೆ ಬಿಡುವ ಮೊದಲೇ ಸ್ಪ್ರಿಂಗ್ ಒದ್ದು ಕೈ ಅಲುಗುತ್ತಿತ್ತು. ಈಗಿನದು ಗಾಳಿ ಸಿಲಿಂಡರಿನದು, 200 ಬಾರ್ ಒತ್ತಡಕ್ಕೆ ಗಾಳಿ ತುಂಬಬೇಕು. ಒದೆತ ಗೊತ್ತೇ ಆಗಲ್ಲ. ಟ್ರಿಗರ್ ಮಾತ್ರ ಮೆಕ್ಯಾನಿಕಲ್ಲೇ ಬೇಕು ಅಂತ ಹಟ ಹಿಡಿದೆ. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಊರಲ್ಲಿ ಎಲೆಕ್ಟ್ರಾನಿಕ್ ಟ್ರಿಗರಿನ ಸರ್ಕ್ಯೂಟ್ ನಂಬೋದು ಹೇಗೆ? ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೈಕೊಟ್ಟಾಗ ನನಗೆ ಹೊಟ್ಟೆ ಕಿವುಚಿದಂತಾಗಿತ್ತು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ 10 ಮೀಟರಿನಲ್ಲಿ ಕಂಚು ಗೆದ್ದರಲ್ಲ, ಆಗ ಸಮಾಧಾನ ಆಯಿತು.

ನಿಯಮದಂತೆ ಟ್ರಿಗರ್ 500 ಗ್ರಾಂ ತಡೆಯಬೇಕು. ಹಳೇ ತಕ್ಕಡಿಯ ಅರ್ಧ ಕೆಜಿ ಕಲ್ಲಿಗೆ ತಂತಿ ಕಟ್ಟಿ, ಪಿಸ್ತೂಲನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರಿನಿಂದಲೇ ಕಲ್ಲನ್ನು ಎತ್ತಿ ನೋಡುತ್ತೇನೆ.

ನನಗೆ ತುಂಬಾ ಇಷ್ಟದ ಕೆಲಸ ಗುಂಡು ಆರಿಸೋದು. 4.5 ಮಿಮೀ ಸೀಸದ ಗುಂಡು, ಮೂತಿ ಚಪ್ಪಟೆ, ಹಿಂದೆ ಲಂಗದ ಹಾಗೆ ತೆಳು ಅಂಚು. ಒಳ್ಳೆ ಚಾಲಿ ಅಡಿಕೆಯಿಂದ ಕೋಕಾ, ಬಿಳೆಗೋಟಿನಂಥ ಕಳಪೆ ಅಡಿಕೆ ಬೇರೆ ಮಾಡುವ ಹಾಗೆ ಬಿಳಿ ಬಟ್ಟೆ ಮೇಲೆ ಹರಡಿ, ಅಂಚು ನೆಗ್ಗಿದ್ದನ್ನು ತೆಗೆದುಬಿಡುತ್ತೇನೆ. ಒಂದು ವರ್ಷವಂತೂ ಪ್ರತಿ ಗುಂಡನ್ನೂ ಚಿನ್ನದ ತಕ್ಕಡಿಯಲ್ಲಿ ತೂಗಿದೆ. ಆದರೂ ಗುರಿಯ ನಡುವಿನ ಹತ್ತು ಅಂಕದ ವೃತ್ತ ತಪ್ಪಿ ಎಡಕ್ಕೇ ಹೋಗುತ್ತಿತ್ತು. ಆ ವೃತ್ತ ಬರೀ 11.5 ಮಿಮೀ ಅಲ್ವಾ, ಗುಂಡಿನದೇ ದೋಷ ಅಂದುಕೊಂಡೆ. ಕೊನೆಗೆ ಪಿಸ್ತೂಲನ್ನು ಬಡಗಿಯ ವೈಸಿಗೆ ಬಿಗಿದು ಹೊಡೆದೆ. ತೂಗಿದ್ದು, ತೂಗದ್ದು ಎಲ್ಲಾ ಒಂದೇ ತೂತಿಗೆ ಹೋದವು!

ತೊಂದರೆ ಇದ್ದದ್ದು ಹಿಡಿಯಲ್ಲಿ. ಹೆಬ್ಬೆರಳಿನ ಬುಡ ಒತ್ತುವ ಕಡೆ ಮರ ಸ್ವಲ್ಪ ಉಬ್ಬಿತ್ತು. ಕೈಗೆ ಮಸಿ ಬಳಿದುಕೊಂಡು ಹಿಡಿದೆ. ಮಸಿ ಹತ್ತಿದ ಕಡೆ ಅರದಿಂದ ನಾಲ್ಕೇ ಎಳೆತ, ಮತ್ತೆ ಹಿಡಿಯೋದು, ಮತ್ತೆ ಉಜ್ಜೋದು. ಹೀಗೆ ಮೂರು ಸಂಜೆ. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ಬಿಟ್ಟರೆ ಪಿಸ್ತೂಲಿನ ಗುರಿ ನೋಡುವ ಸೈಟು ನೇರ ಗುರಿಯ ಮೇಲೇ ಇರುವವರೆಗೂ ಬಿಡಲಿಲ್ಲ.

ಈಗ ತೂಗೋದು ನಿಂತಿದೆ, ಆರಿಸೋದು ನಿಂತಿಲ್ಲ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಚಹಾ ಲೋಟ ಮುಟ್ಟಲ್ಲ. ಅರ ಮಾತ್ರ ಕಿಟಕಿಯ ಮೇಲೇ ಇದೆ. ಜುಲೈನಲ್ಲಿ ಮರ ಮತ್ತೆ ಉಬ್ಬುತ್ತದೆ.